ನಾಲ್ಕು ತಕ್ಕಡಿ, ಒಂದು ಹಳೇ ಕಾರ್ಡು, ನಾವು ಆಫ್ ಮಾಡಿದ ಬಸ್ಸುಗಳು

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಅಡಿಕೆ ಮನೆ ಇದೆ. ಸುತ್ತಲಿನ ತೋಟಗಳನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಹಿಡಿಯುವವರದ್ದು. ಕೊಯ್ಲು ಶುರುವಾದರೆ ಅಂಗಳದಲ್ಲಿ ಹಸಿ ಕಾಯಿ ಇಳಿಯುತ್ತದೆ. ಹೆಂಗಸರು ಮೆಟ್ಟುಕತ್ತಿ ಇಟ್ಟುಕೊಂಡು ರಾತ್ರಿ ಹತ್ತು ಹನ್ನೊಂದರವರೆಗೂ ಸುಲಿಯುತ್ತಾರೆ. ಬೆಳಿಗ್ಗೆ ಹಂಡೆಯಲ್ಲಿ ಬೇಯುತ್ತದೆ.

ಮೂಲೆಯ ಕೋಣೆಯಲ್ಲಿ ಒಂದು ಪೆಂಟಿಯಮ್ 3 ಕಂಪ್ಯೂಟರ್. ಅದಕ್ಕೆ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿ, ಸೀರಿಯಲ್ ಪೋರ್ಟಿನ ಮೂಲಕ (ಒಂದೊಂದೇ ಬಿಟ್ ಕಳಿಸುವ ಹಳೇ ಬಗೆಯ ಜೋಡಣೆ). ಎರಡು ಹಸಿ ಕಾಯಿಗೆ, ಒಂದು ಒಣಗಿದ ಮಾಲಿಗೆ, ಇನ್ನೊಂದು ಸುಲಿದವರ ಕೂಲಿ ಲೆಕ್ಕಕ್ಕೆ. ಕೊನೆಯದು ನಿಂತರೆ ಗಲಾಟೆ ಜಾಸ್ತಿ. ಸುಲಿದದ್ದು ಎಷ್ಟು ಕೆಜಿ ಅನ್ನುವುದರ ಮೇಲೆ ಅವತ್ತಿನ ದುಡ್ಡು, ಅಲ್ವಾ?

ಮಳೆಗಾಲದಲ್ಲಿ ಅದರ ಹಾರ್ಡ್ ಡಿಸ್ಕ್ ಸತ್ತಿತು. ಗಣೇಶನ ಹಬ್ಬ ಮುಗಿದ ವಾರ ಮಾಲೀಕರು ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿ ಶಿವಮೊಗ್ಗಕ್ಕೆ, ದುರ್ಗಿಗುಡಿಯ ಹತ್ತಿರ ಇರುವ ನನ್ನ ಅಂಗಡಿಗೆ ತಂದರು. "ಹೊಸದು ತಗೊಳ್ಳಿ" ಅಂದೆ. "ಡಿಸ್ಕ್ ಒಂದು ಬಿಟ್ರೆ ಬಾಕಿ ಎಲ್ಲ ಚೆನ್ನಾಗಿದೆಯಲ್ಲ, ಯಾಕೆ ಎಸೀಬೇಕು?" ಅಂದರು. ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಕೇಬಲ್ ಹಿಂದೊಮ್ಮೆ ಹಾಕಿ ನೋಡಿದ್ದರಂತೆ. ಕಂಪ್ಯೂಟರ್ ಆಫ್ ಆಗಿ ಆನ್ ಆದಾಗಲೆಲ್ಲ ಪೋರ್ಟಿನ ಹೆಸರು ಅದಲುಬದಲಾಗಿ, ಹಸಿ ಕಾಯಿಯ ತೂಕ ಕೂಲಿ ಲೆಕ್ಕಕ್ಕೆ ಸೇರಿತ್ತು. ಅದಕ್ಕೂ ಉಪಾಯ ಇದೆ. ಆದರೆ ಒಮ್ಮೆ ಹೋದ ನಂಬಿಕೆಗೆ ಉಪಾಯ ಇಲ್ಲ.

ಮುಚ್ಚಳ ತೆಗೆದೆ. ಒಳಗೆ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್‌ನ ಮದರ್‌ಬೋರ್ಡ್. ಎಜಿಪಿ ಸ್ಲಾಟಿನಲ್ಲಿ ಗ್ರಾಫಿಕ್ಸ್ ಕಾರ್ಡ್. ಬಿಳಿಯ ಪಿಸಿಐ ಸ್ಲಾಟುಗಳೆಲ್ಲ ಖಾಲಿ. ಕೆಳಗೆ ಉದ್ದದ ಎರಡು ಕಪ್ಪು ಐಎಸ್ಎ ಸ್ಲಾಟು, ಅದರಲ್ಲೊಂದರಲ್ಲಿ ನಾಲ್ಕು ಪೋರ್ಟಿನ ಸೀರಿಯಲ್ ಕಾರ್ಡು. ಪಿಸಿಐ, ಐಎಸ್ಎ ಎರಡೂ ಬಸ್ಸುಗಳ ಹೆಸರು. ಬಸ್ ಅಂದರೆ ಕಾರ್ಡುಗಳೂ ಚಿಪ್ಪುಗಳೂ ಸಿಪಿಯು ಜೊತೆ ಮಾತಾಡುವ ದಾರಿ. ಐಎಸ್ಎ ಹಳೆಯದು, ಪಿಸಿಐ ಆಮೇಲಿನದು. ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ತೆಳ್ಳಗೆ ಹಸಿರು. ಮಲೆನಾಡಿನ ಮಳೆ ಏನನ್ನೂ ಬಿಡುವುದಿಲ್ಲ. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದೆ, ಹೊಳೆಯಿತು. ಕಾರ್ಡಿನ ವಿಳಾಸವನ್ನೂ, ಅದು ಸಿಪಿಯುವನ್ನು ಕರೆಯುವ ಗೆರೆಯನ್ನೂ (ಇದೇ ಐಆರ್‌ಕ್ಯೂ) ಅದರ ಮೇಲಿನ ಪುಟ್ಟ ಜಂಪರ್ ಪಿನ್ನುಗಳಲ್ಲಿ ಹೊಂದಿಸಿರುತ್ತಾರೆ. ನೋಡಿ ಬರೆದುಕೊಂಡೆ: ವಿಳಾಸ ಹೆಕ್ಸ್‌ನಲ್ಲಿ 2ಎ0ಯಿಂದ ಶುರು, ಐಆರ್‌ಕ್ಯೂ 5. ಈ ಎರಡು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ.

ಲೆಕ್ಕದ ಪ್ರೋಗ್ರಾಮ್ ಬರೆದವರು ಅದರ ಸಿ ಕೋಡನ್ನು ಸಿಡಿಯಲ್ಲಿ ಹಾಕಿ ಕೊಟ್ಟಿದ್ದರು, ಪುಣ್ಯ. ಹಳೇ ಡಿಸ್ಕುಗಳ ಜೋಡಣೆಯಾದ ಐಡಿಇಯ ಅಡಾಪ್ಟರಿಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಕೂರಿಸಿ ಡಿಸ್ಕ್ ಮಾಡಿದೆ. ಅದರ ಮೇಲೆ 32 ಬಿಟ್‌ನ ಡೆಬಿಯನ್ 12, ಒಂದು ಬಗೆಯ ಲಿನಕ್ಸ್. ಇದರ ನಂತರದ, 2025ರ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ರೂ ಇಲ್ಲ, ಕರ್ನಲ್ಲೂ (ಯಂತ್ರವನ್ನು ನಡೆಸುವ ಲಿನಕ್ಸ್‌ನ ತಿರುಳು) ಇಲ್ಲ. ಆದರೆ ಬೂಟ್ ಆಗಲು ನಾಲ್ಕು ನಿಮಿಷ ಹಿಡಿಯಿತು. ತೂಕಕ್ಕೆ ಜನ ಕಾದು ನಿಲ್ಲುವ ಜಾಗದಲ್ಲಿ ಇದು ನಡೆಯುವುದಿಲ್ಲ. ಕರ್ನಲ್ಲನ್ನು ತೆಳ್ಳಗೆ ಮಾಡೋಣ, ಬೇಕಾದಷ್ಟನ್ನೇ ಒಳಗಿಟ್ಟು ಇನಿಟ್‌ರಾಮ್ (ಬೂಟ್ ಆಗುವಾಗ ಮೊದಲು ತೆರೆಯುವ ತಾತ್ಕಾಲಿಕ ಡಿಸ್ಕ್) ಇಲ್ಲದೇ ಬೂಟ್ ಮಾಡಿಸೋಣ ಅಂದುಕೊಂಡೆ. ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ, ರಜೆಯಲ್ಲಿದ್ದ. "ನಾನು ಮಾಡ್ತೀನಿ ಮಾವ" ಅಂದ. ಕೊಟ್ಟೆ. ಆವೃತ್ತಿ 6.1.

ಮೊದಲ ಎರಡು ಎಡವಟ್ಟು

ಮೊದಲನೆಯದು ಸಣ್ಣದು. ಅವನು ಕಂಪೈಲ್ ಮಾಡಿದ್ದು ತನ್ನ ಲ್ಯಾಪ್‌ಟಾಪಿನಲ್ಲಿ. ಅದು 64 ಬಿಟ್. ಹೊಸ ಕರ್ನಲ್ ಹಾಕಿ ಆನ್ ಮಾಡಿದರೆ ಪರದೆಯ ಮೇಲೆ ಎರಡೇ ಸಾಲು. ಈ ಕರ್ನಲ್ಲಿಗೆ ಎಕ್ಸ್86-64 ಸಿಪಿಯು ಬೇಕು, ಇಲ್ಲಿರುವುದು ಐ686, ನಿಮ್ಮ ಸಿಪಿಯುಗೆ ಹೊಂದುವ ಕರ್ನಲ್ ಬಳಸಿ. ಕರ್ನಲ್ಲಿನ ಆಯ್ಕೆಗಳ ಪಟ್ಟಿಯಾದ ಮೆನುಕಾನ್ಫಿಗ್‌ನ ಮೊದಲ ಪುಟದಲ್ಲೇ "64-ಬಿಟ್ ಕರ್ನಲ್" ಅನ್ನುವ ಸಾಲು ಇರುತ್ತದೆ. ಟಿಕ್ ತೆಗೆದ.

ಇಲ್ಲೇ ಒಂದು ಸೂಕ್ಷ್ಮ ಇದೆ. ಆ ಟಿಕ್ ಇರುವವರೆಗೂ ಬಸ್ ಆಪ್ಶನ್ಸ್ ಮೆನುವಿನಲ್ಲಿ ಐಎಸ್ಎ ಸಪೋರ್ಟ್ ಅನ್ನುವ ಸಾಲೇ ಕಾಣಿಸುವುದಿಲ್ಲ. ಪಿಸಿಯಲ್ಲಿ ಅದು 32 ಬಿಟ್ ಕರ್ನಲ್ಲಿಗೆ ಮಾತ್ರ ಇರುವ ಆಯ್ಕೆ. ಟಿಕ್ ತೆಗೆದ ಮೇಲೆ ಸಾಲು ಬರುತ್ತದೆ, ಆದರೆ ಆಫ್ ಆಗಿಯೇ ಬರುತ್ತದೆ. ಹುಡುಗ ಅದನ್ನು ನೋಡಿದ. 1981ರ ಐಬಿಎಂ ಪಿಸಿಯ ಕಾಲದ್ದು ಅಂತ ಓದಿ ಮುಂದೆ ಹೋದ.

ಎರಡನೆಯದು ದೊಡ್ಡದು. ಸ್ಲಿಮ್ ಮಾಡುವ ಹುರುಪಿನಲ್ಲಿ ಅವನು ಪಿಸಿಐ ಸಪೋರ್ಟನ್ನೂ ಆಫ್ ಮಾಡಿದ್ದ. ಲಿನಕ್ಸ್ 5.0 ಬಂದ ಮೇಲೆ, ಅಂದರೆ 2019ರಿಂದ, ಪಿಸಿಐನ ಮುಖ್ಯ ಸ್ವಿಚ್ಚು ಬಸ್ ಆಪ್ಶನ್ಸ್ ಮೆನುವಿನಲ್ಲಿಲ್ಲ, ಡಿವೈಸ್ ಡ್ರೈವರ್ಸ್ ಒಳಗೆ ಹೋಗಿದೆ. ಹುಡುಕಿಕೊಂಡು ಹೋಗಿ ಆಫ್ ಮಾಡಿದ್ದಾನೆ! ಯಾಕೆ ಅಂತ ಕೇಳಿದರೆ, "ಪಿಸಿಐ ಸ್ಲಾಟಿನಲ್ಲಿ ಒಂದು ಕಾರ್ಡೂ ಇಲ್ವಲ್ಲ ಮಾವ."

ಅವನ ಲೆಕ್ಕ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಬೂಟ್ ಮಾಡಿದೆವು. ಸಾಲುಗಳು ಓಡಿದವು, ನಿಂತವು. ಕೊನೆಯ ಸಾಲು: ಕರ್ನಲ್ ಪ್ಯಾನಿಕ್, ವಿಎಫ್ಎಸ್, ಅನೇಬಲ್ ಟು ಮೌಂಟ್ ರೂಟ್ ಎಫ್ಎಸ್ ಆನ್ ಅನ್‌ನೋನ್ ಬ್ಲಾಕ್ (0,0).

ಈ ಸಾಲನ್ನು ನೋಡಿ ಹೆದರುವವರೇ ಜಾಸ್ತಿ. ಆದರೆ ಇದು ತುಂಬಾ ಒಳ್ಳೆಯ ಸಾಲು. ಕಂಸದೊಳಗಿನ ಎರಡು ಅಂಕಿ ಓದಿದರೆ ಅರ್ಧ ಉತ್ತರ ಸಿಕ್ಕಿತು ಅಂತಲೇ. (8,1) ಅಂತ ಇದ್ದರೆ ಡಿಸ್ಕ್ ಸಿಕ್ಕಿದೆ, ಮೊದಲ ಪಾರ್ಟಿಶನ್ನೂ ಸಿಕ್ಕಿದೆ, ಅದರ ಫೈಲ್ ಸಿಸ್ಟಮ್ ಓದಲು ಬರುತ್ತಿಲ್ಲ ಅಂತ. ಬಹುಶಃ ಎಕ್ಸ್‌ಟಿ4 ಮರೆತಿರುತ್ತೀರಿ. (0,0) ಅಂದರೆ ಡಿಸ್ಕೇ ಕಂಡಿಲ್ಲ. ಅದರ ಮೇಲೆ "ಲಭ್ಯ ಇರುವ ಪಾರ್ಟಿಶನ್‌ಗಳು ಇವು" ಅನ್ನುವ ಸಾಲು ಇರುತ್ತದೆ. ಅದರ ಕೆಳಗೆ ನಮ್ಮ ಯಂತ್ರದಲ್ಲಿ ಏನೂ ಇರಲಿಲ್ಲ.

ಡಿಸ್ಕ್ ಎಲ್ಲಿ ಹೋಯಿತು? ಹಳೇ ಕರ್ನಲ್ಲಿನಿಂದ ಬೂಟ್ ಮಾಡಿ ಹುಡುಗನನ್ನು ಪಕ್ಕ ಕೂರಿಸಿ, ಪಿಸಿಐ ಮೇಲಿರುವ ಸಾಧನಗಳ ಪಟ್ಟಿ ಕೊಡುವ ಎಲ್ಎಸ್‌ಪಿಸಿಐ ಓಡಿಸಿದೆ. ಖಾಲಿ ಸ್ಲಾಟಿನ ಯಂತ್ರದಲ್ಲಿ ಸಾಲು ಸಾಲು ಬಂದವು. ಹೆಚ್ಚಿನವಕ್ಕೆ ಮುಂದೆ 8086, ಅದು ಇಂಟೆಲ್‌ನ ನಂಬರು. 7190, ಅದು 440ಬಿಎಕ್ಸ್‌ನ ಹೋಸ್ಟ್ ಬ್ರಿಡ್ಜ್. 7111, ಐಡಿಇ ಕಂಟ್ರೋಲರ್. 7112, ಯುಎಸ್‌ಬಿ. ಇವೆಲ್ಲ ಬೋರ್ಡಿಗೇ ಬೆಸುಗೆ ಹಾಕಿದ ಚಿಪ್ಪಿನೊಳಗಿನವು. ಕೈಯಲ್ಲಿ ಕಿತ್ತು ನೋಡಲು ಬರುವುದಿಲ್ಲ, ಆದರೆ ಇರುವುದು ಪಿಸಿಐ ಬಸ್ಸಿನ ಮೇಲೆಯೇ. ಪಿಸಿಐ ಆಫ್ ಆದರೆ ಈ ಐಡಿಇಯ ಡ್ರೈವರ್ ಮೆನುವಿನಿಂದಲೇ ಮಾಯ. ಡಿಸ್ಕ್ ಕಾಣಲಿಲ್ಲ ಅಂದರೆ ಅಚ್ಚರಿ ಏನು?

ಆ ಪಟ್ಟಿಯಲ್ಲಿ ಇನ್ನೊಂದು ಸಾಲು ಇತ್ತು. 7110, ಐಎಸ್ಎ ಬ್ರಿಡ್ಜ್. ಹುಡುಗ ಅದನ್ನು ಎರಡು ಸಲ ಓದಿದ. "ಅಂದ್ರೆ ಐಎಸ್ಎ ಕೂಡ ಪಿಸಿಐ ಕೆಳಗೇ?" ಹೌದು. ಈ ಬೋರ್ಡಿನಲ್ಲಿ ಸಿಪಿಯುನಿಂದ ಐಎಸ್ಎ ಸ್ಲಾಟಿಗೆ ಹೋಗುವ ದಾರಿ ಪಿಸಿಐ ದಾಟಿಯೇ ಹೋಗುತ್ತದೆ. ಶಿವಮೊಗ್ಗದಿಂದ ಆಗುಂಬೆಗೆ ಹೋಗುವವರು ತೀರ್ಥಹಳ್ಳಿ ದಾಟುವ ಹಾಗೆ.

ಪಿಸಿಐ ಆನ್ ಮಾಡಿದೆವು. ಪಿಸಿಐಯನ್ನು ಹೇಗೆ ಮಾತಾಡಿಸಬೇಕು ಅನ್ನುವ ಆಯ್ಕೆ ಬಸ್ ಆಪ್ಶನ್ಸ್ ಮೆನುವಿನಲ್ಲೇ ಇದೆ: ಬಯಾಸ್, ಡೈರೆಕ್ಟ್, ಎಂಎಂಕಾನ್ಫಿಗ್, ಎನಿ. ಬಯಾಸ್ ಅಂದರೆ ಆನ್ ಆದ ಕೂಡಲೇ ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮು. ಹಳೇ ಬೋರ್ಡುಗಳ ಬಯಾಸ್‌ನಲ್ಲಿ ದೋಷ ಇದ್ದು, ಅದನ್ನು ಕೇಳಿದರೇ ಯಂತ್ರ ನಿಲ್ಲುವುದುಂಟು. ಎನಿ ಇಟ್ಟರೆ ಕರ್ನಲ್ ಬೇರೆ ದಾರಿಗಳನ್ನು ಮೊದಲು ನೋಡಿ, ಯಾವುದೂ ಆಗದಿದ್ದರೆ ಬಯಾಸ್ ಹತ್ತಿರ ಹೋಗುತ್ತದೆ. ಎನಿ ಇಟ್ಟೆವು. ಇದರಲ್ಲಿ ಜಾಣತನ ತೋರಿಸುವ ಅಗತ್ಯ ಇಲ್ಲ.

ಬೂಟ್ ಆಯಿತು. ನಲವತ್ತು ಸೆಕೆಂಡು.

ಕೂಗಿದರೆ ಓಗೊಡದ ಕಾರ್ಡು

ಬೋರ್ಡಿನಲ್ಲೇ ಇರುವ ಎರಡು ಸೀರಿಯಲ್ ಪೋರ್ಟ್ ಬಂದವು. ಕಾರ್ಡಿನ ನಾಲ್ಕು ಬರಲಿಲ್ಲ. ಹುಡುಗ ಎಲ್ಎಸ್‌ಪಿಸಿಐ ಹಾಕಿದ, ಕಾರ್ಡಿಲ್ಲ. ಮತ್ತೆ ಹಾಕಿದ. "ಕಾರ್ಡ್ ಹೋಗಿದೆ ಮಾವ."

ಕಾರ್ಡ್ ಹೋಗಿರಲಿಲ್ಲ. ಅದು ಆ ಪಟ್ಟಿಯಲ್ಲಿ ಎಂದೂ ಬರುವುದಿಲ್ಲ.

ಪಿಸಿಐ 1992ರದ್ದು. ಅದರಲ್ಲಿ ಪ್ರತಿ ಸಾಧನಕ್ಕೂ 256 ಬೈಟಿನ ಒಂದು ಗುರುತಿನ ಜಾಗ ಇರುತ್ತದೆ. ಕರ್ನಲ್ ಒಂದೊಂದೇ ನಂಬರು ಕೂಗುತ್ತದೆ. ಇದ್ದವನು ತಯಾರಕರ ನಂಬರು, ತನ್ನ ನಂಬರು ಎರಡೂ ಹೇಳುತ್ತಾನೆ. ಯಾರೂ ಇಲ್ಲದಿದ್ದರೆ ನಾಲ್ಕು ಎಫ್ ವಾಪಸ್ ಬರುತ್ತದೆ. ಪೇಟೆಯ ಬೀದಿ ಇದ್ದ ಹಾಗೆ, ಪ್ರತಿ ಬಾಗಿಲಿಗೂ ನಂಬರು.

ಜಂಪರ್ ಇರುವ ಐಎಸ್ಎ ಕಾರ್ಡು ನಮ್ಮ ಕಡೆಯ ಒಂಟಿಮನೆ. ರಸ್ತೆಯಲ್ಲಿ ಬೋರ್ಡಿಲ್ಲ, ನಂಬರಿಲ್ಲ, ಕೂಗಿದರೆ ಕೇಳುವುದೂ ಇಲ್ಲ. ಹಳ್ಳ ದಾಟಿ, ಹಲಸಿನ ಮರದ ಹತ್ತಿರ ಎಡಕ್ಕೆ ತಿರುಗಿ ಅಂತ ಗೊತ್ತಿರುವವರು ಹೇಳಬೇಕು. ಅಂಚೆಯವನಿಗೆ ಗೊತ್ತಿರುತ್ತದೆ, ಹೊಸಬನಿಗೆ ಗೊತ್ತಿರುವುದಿಲ್ಲ. ಕರ್ನಲ್ ಯಾವಾಗಲೂ ಹೊಸಬನೇ. ಡ್ರೈವರ್‌ನಲ್ಲಿ ವಿಳಾಸ ಬರೆದಿದ್ದರೆ ಅಲ್ಲಿಗೆ ಹೋಗಿ ತಟ್ಟಿ ನೋಡುತ್ತದೆ, ಅಷ್ಟೇ.

ನಮ್ಮ ಕಾರ್ಡಿಗೆ ಹೊಂದುವ ಆಯ್ಕೆಯ ಹೆಸರು ಫೋರ್‌ಪೋರ್ಟ್. 2ಎ0, 2ಎ8, 2ಬಿ0, 2ಬಿ8, ಐಆರ್‌ಕ್ಯೂ 5 ಅಂತ ಅದರ ಕೋಡಿನಲ್ಲೇ ಬರೆದಿದೆ. ಹುಡುಗ ಮೆನುವಿನಲ್ಲಿ ಸೀರಿಯಲ್ ವಿಭಾಗ ಪೂರ್ತಿ ಜಾಲಾಡಿದ. ಇಲ್ಲ. ನಾನು ಓರೆ ಗೆರೆಯ ಕೀ ಒತ್ತಿ ಹೆಸರು ಟೈಪ್ ಮಾಡಿಸಿದೆ. ಮೆನುಕಾನ್ಫಿಗ್‌ನಲ್ಲಿ ಅದು ಹುಡುಕುವ ಕೀ. ಬಚ್ಚಿಟ್ಟ ಆಯ್ಕೆಯನ್ನೂ ತೋರಿಸುತ್ತದೆ, ಅದು ಯಾವುದಕ್ಕೆ ಕಾಯುತ್ತಿದೆ ಅನ್ನುವುದನ್ನೂ ಹೇಳುತ್ತದೆ. ಉತ್ತರ ಬಂತು: ಇದು ಐಎಸ್ಎ ಮತ್ತು ಮೆನಿ ಪೋರ್ಟ್ಸ್ ಎರಡಕ್ಕೂ ಅವಲಂಬಿಸಿದೆ, ಎರಡೂ ಆಫ್.

"ಸೀರಿಯಲ್ ಆನ್ ಇತ್ತಲ್ಲ" ಅಂದ. ಇತ್ತು. ಆದರೆ ಬಸ್ ಆಫ್ ಇದ್ದರೆ ಆ ಬಸ್ಸಿನ ಮೇಲಿನ ಡ್ರೈವರುಗಳು ಮೆನುವಿನಲ್ಲಿ ಬೂದು ಬಣ್ಣದಲ್ಲಿ ಕೂಡ ಕಾಣುವುದಿಲ್ಲ. ಇಲ್ಲದ್ದನ್ನು ಇಲ್ಲ ಅಂತ ಕಂಡುಹಿಡಿಯುವುದು ಕಷ್ಟ. ಈ ಕೆಲಸದಲ್ಲಿ ನನಗೆ ಅತಿ ಕೋಪ ತರಿಸುವುದು ಇದೇ.

ಎರಡನ್ನೂ ಆನ್ ಮಾಡಿದೆವು. ಫೋರ್‌ಪೋರ್ಟ್ ಬಂತು, ಅದನ್ನೂ. ಐಆರ್‌ಕ್ಯೂ ಹಂಚಿಕೊಳ್ಳುವ ಆಯ್ಕೆಯನ್ನೂ, ಯಾಕೆಂದರೆ ನಾಲ್ಕೂ ಪೋರ್ಟಿಗೆ ಒಂದೇ ಐಆರ್‌ಕ್ಯೂ. ಕಂಪೈಲ್, ಬೂಟ್. ಈಗ ಕಾರ್ಡಿನ ಎರಡು ಪೋರ್ಟ್ ಬಂದವು, ಇನ್ನೆರಡು ಇಲ್ಲ. ಇದು ಸುಲಭದ್ದು. ಒಟ್ಟು ಎಷ್ಟು ಸೀರಿಯಲ್ ಪೋರ್ಟಿಗೆ ಜಾಗ ಇಡಬೇಕು ಅನ್ನುವ ಸಂಖ್ಯೆ ಬಿಟ್ಟ ಹಾಗೇ ಬಿಟ್ಟರೆ 4. ಬೋರ್ಡಿನದ್ದು ಎರಡು, ಕಾರ್ಡಿನದ್ದು ಎರಡು, ಮನೆ ಭರ್ತಿ. 16 ಮಾಡಿದೆವು. ಬೂಟ್ ಹೊತ್ತಿನಲ್ಲಿ ಎಷ್ಟು ತೆರೆಯಬೇಕು ಅನ್ನುವ ಇನ್ನೊಂದು ಸಂಖ್ಯೆ ಅದರ ಪಕ್ಕದಲ್ಲೇ ಇದೆ, ಅದನ್ನೂ. ನಾಲ್ಕೂ ಬಂದವು, ಆದರೆ ಮೊದಲಿನ ಎರಡರ ಹೆಸರಿನ ನಂಬರು ಬದಲಾಯಿತು. ಲೆಕ್ಕದ ಪ್ರೋಗ್ರಾಮಿನಲ್ಲಿ ತಿದ್ದಿದೆ.

ಅಂಗಡಿಯಲ್ಲಿ ತಕ್ಕಡಿ ಇಲ್ಲ. ಪೋರ್ಟಿನ 2 ಮತ್ತು 3ನೇ ಪಿನ್ನಿಗೆ ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿದರೆ ಕಳಿಸಿದ್ದೇ ವಾಪಸ್ ಬರುತ್ತದೆ. ನಾಲ್ಕಕ್ಕೂ ಮಾಡಿ ನೋಡಿದೆ. "ಅಡಿಕೆ" ಅಂತ ಕಳಿಸಿದರೆ "ಅಡಿಕೆ" ಬಂತು. ಸರಿ, ಗೋಣಿಚೀಲದಲ್ಲಿ ಸುತ್ತಿದೆವು.

ಅಡಿಕೆ ಮನೆಯಲ್ಲಿ

ಇಷ್ಟು ಹೊತ್ತು ಹುಡುಗನನ್ನು ಆಡಿಕೊಂಡೆ. ಇನ್ನು ಮುಂದಿನದು ನನ್ನದೇ.

ಮಾಲೀಕರ ಮನೆಗೆ ಹೊಸದಾಗಿ ಇಂಟರ್‌ನೆಟ್ ಬಂದಿತ್ತು. ಬಿಲ್ಲನ್ನು ಇಲ್ಲಿಂದಲೇ ಕಳಿಸುವ ಹಾಗಾದರೆ ಒಳ್ಳೆಯದು ಅಂದರು. ನನ್ನ ಪೆಟ್ಟಿಗೆಯಲ್ಲಿ ರಿಯಲ್‌ಟೆಕ್ 8139 ನೆಟ್‌ವರ್ಕ್ ಕಾರ್ಡೊಂದು ಬಿದ್ದಿತ್ತು. ಖಾಲಿ ಪಿಸಿಐ ಸ್ಲಾಟಿಗೆ ಹಾಕಿದೆ. ಅದರ ಡ್ರೈವರನ್ನು ಮೊದಲೇ ಕರ್ನಲ್ಲಿನಲ್ಲಿ ಇಟ್ಟಿದ್ದೆ. ನೆಟ್‌ವರ್ಕ್ ತಕ್ಷಣ ಬಂತು. ಕೇಬಲ್ ಸಿಕ್ಕಿಸಿ ತಕ್ಕಡಿ ಮೇಲೆ ಒಂದು ಗೋಣಿ ಇಟ್ಟೆವು. ತಕ್ಕಡಿಯ ಕೆಂಪು ಅಂಕಿ 62.4 ತೋರಿಸಿತು. ಪರದೆಯಲ್ಲಿ ಸೊನ್ನೆ.

ನಾಲ್ಕೂ ತಕ್ಕಡಿ ಹಾಗೇ. ಪೋರ್ಟು ತೆರೆಯುತ್ತದೆ, ದೋಷ ತೋರಿಸುವುದಿಲ್ಲ, ಒಂದು ಅಕ್ಷರವೂ ಬರುವುದಿಲ್ಲ. ಪೇಪರ್ ಕ್ಲಿಪ್ ಹಾಕಿದೆ. ನಿನ್ನೆ ಬಂದಿದ್ದ "ಅಡಿಕೆ" ಇವತ್ತು ಬರಲಿಲ್ಲ. ಅಂದರೆ ಕೇಬಲ್ಲೂ ಅಲ್ಲ, ತಕ್ಕಡಿಯೂ ಅಲ್ಲ. ನಿನ್ನೆಗೂ ಇವತ್ತಿಗೂ ಬದಲಾದದ್ದು ಒಂದೇ.

ಪ್ರಾಕ್ ಒಳಗಿನ ಇಂಟರಪ್ಟ್ಸ್ ಫೈಲ್ ತೆಗೆದೆ. ಯಾವ ಐಆರ್‌ಕ್ಯೂ ಯಾರದ್ದು, ಎಷ್ಟು ಸಲ ಕರೆ ಬಂತು ಅನ್ನುವುದು ಅದರಲ್ಲಿರುತ್ತದೆ. 5ನೇ ಸಾಲಿನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು, ಅಲ್ಪವಿರಾಮ, ಪಕ್ಕದಲ್ಲೇ ಸೀರಿಯಲ್ ಪೋರ್ಟಿನ ಹೆಸರು. ನೆಟ್‌ವರ್ಕ್ ಕೇಬಲ್ ಕಿತ್ತೆ, ಆ ಸಾಲಿನ ಎಣಿಕೆ ನಿಂತಿತು. ತಕ್ಕಡಿ ಮೇಲೆ ಗೋಣಿ ಇಳಿಸಿ ಹತ್ತಿಸಿ ಮಾಡಿಸಿದೆ, ಎಣಿಕೆ ಅಲ್ಲಾಡಲಿಲ್ಲ.

ಇಂಥ ಹಳೇ ಯಂತ್ರದಲ್ಲಿ ಐಆರ್‌ಕ್ಯೂ 0ಯಿಂದ 15ರವರೆಗೆ, ಒಟ್ಟು ಹದಿನಾರೇ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಕೀಬೋರ್ಡು, ಟೈಮರು, ಡಿಸ್ಕು ಅಂತ ಮೊದಲೇ ಹಂಚಿಹೋಗಿರುತ್ತವೆ. ಪಿಸಿಐ ಸಾಧನಗಳು ಒಂದೇ ಗೆರೆಯನ್ನು ಹಂಚಿಕೊಳ್ಳಬಲ್ಲವು. ಅವು ಬಾಗಿಲು ತೆಗೆಯುವವರೆಗೂ ಬೆಲ್ ಒತ್ತಿ ಹಿಡಿಯುವ ಜನ. ಐಎಸ್ಎ ಕಾರ್ಡು ಒಂದೇ ಸಲ ತಟ್ಟಿ ಸುಮ್ನಾಗುತ್ತದೆ. ಗೆರೆಯನ್ನು ಪಿಸಿಐಗೆ ಕೊಟ್ಟ ಮೇಲೆ ಚಿಪ್‌ಸೆಟ್ ಬೆಲ್ಲಿಗೆ ಮಾತ್ರ ಕಿವಿ ಕೊಡುತ್ತದೆ, ತಟ್ಟಿದ್ದು ಕೇಳುವುದಿಲ್ಲ. ಕರ್ನಲ್ಲಿನಲ್ಲಿ "ಹಂಚಿಕೊಳ್ಳಿ" ಅಂತ ಆನ್ ಮಾಡಿದ್ದೆವಲ್ಲ, ಅದು ಕಾರ್ಡಿನ ನಾಲ್ಕು ಪೋರ್ಟುಗಳ ಮಧ್ಯೆ ಸಾಕು. ಎರಡು ಬೇರೆ ಬೇರೆ ಬಸ್ಸಿನ ಮಧ್ಯೆ ಅದು ಮಾಡಿದ್ದು ಒಂದೇ, ಬರಬೇಕಾದ ದೋಷದ ಸಂದೇಶವನ್ನು ಮುಚ್ಚಿಟ್ಟಿದ್ದು. ಆ ಆಯ್ಕೆ ಇಲ್ಲದಿದ್ದರೆ ಪೋರ್ಟ್ ತೆರೆಯುವಾಗಲೇ "ರಿಸೋರ್ಸ್ ಬ್ಯುಸಿ" ಅಂತ ಹೇಳಿಬಿಡುತ್ತಿತ್ತು.

ಇದಕ್ಕೆ ಮದ್ದು ಕರ್ನಲ್ಲಿನಲ್ಲಿಲ್ಲ, ಬಯಾಸ್‌ನಲ್ಲಿದೆ. ಪಿಎನ್‌ಪಿ ಪಿಸಿಐ ಕಾನ್ಫಿಗರೇಶನ್ ಪುಟಕ್ಕೆ ಹೋಗಿ, ಆಟೋ ಇದ್ದದ್ದನ್ನು ಮ್ಯಾನ್ಯುಯಲ್ ಮಾಡಿ, ಐಆರ್‌ಕ್ಯೂ 5ರ ಎದುರು "ಲೆಗಸಿ ಐಎಸ್ಎ" ಅಂತ ಇಟ್ಟೆ. ಹಾಗಂದರೆ ಈ ನಂಬರನ್ನು ಪಿಸಿಐಯವರಿಗೆ ಕೊಡಬೇಡ ಅಂತ. ನೆಟ್‌ವರ್ಕ್ 11ಕ್ಕೆ ಹೋಯಿತು. ಗೋಣಿ ಇಟ್ಟೆವು. 62.4. ಚಹಾ ಬಂತು, ಕುಡಿದು ಹೊರಟೆ.

ನಾಲ್ಕನೇ ದಿನ ಬೆಳಿಗ್ಗೆ ಫೋನು. ಮತ್ತೆ ಸೊನ್ನೆ.

ಹಿಂದಿನ ರಾತ್ರಿ ಗುಡುಗು ಸಿಡಿಲು ಜೋರಾಗಿತ್ತಂತೆ. ಸಿಡಿಲಿಗೆ ಏನಾದರೂ ಸುಟ್ಟಿರಬೇಕು ಅಂತ ನನ್ನ ಮೊದಲ ಯೋಚನೆ. ಅಲ್ಲಿ ಹೋದರೆ ಏನೂ ಸುಟ್ಟಿರಲಿಲ್ಲ. ನೆಟ್‌ವರ್ಕ್ ಮತ್ತೆ 5ಕ್ಕೆ ಬಂದು ಕೂತಿತ್ತು. ಬಯಾಸ್ ನೋಡಿದರೆ ಮ್ಯಾನ್ಯುಯಲ್ ಮಾಡಿದ್ದು ಆಟೋ ಆಗಿದೆ. ಲೆಕ್ಕ ಬರೆಯುವ ಹುಡುಗನನ್ನು ಕೇಳಿದೆ, ಇದನ್ನು ಯಾರಾದರೂ ಮುಟ್ಟಿದ್ರಾ?

"ಇಲ್ಲ ಸರ್. ಸಿಡಿಲು ಅಂತ ರಾತ್ರಿ ಪ್ಲಗ್ ಕಿತ್ತಿಟ್ಟಿದ್ದೆ. ಬೆಳಿಗ್ಗೆ ಹಾಕ್ದೆ, ಎಫ್1 ಒತ್ತಿದೆ, ಅಷ್ಟೇ."

ಎಫ್1?

"ಪ್ಲಗ್ ಕಿತ್ತ ಮಾರನೇ ದಿನ ಕೇಳುತ್ತೆ ಸರ್. ಮೊದಲಿಂದಲೂ ಹಾಗೇ. ಒತ್ತಿದ್ರೆ ಮುಂದೆ ಹೋಗುತ್ತೆ."

ಪ್ಲಗ್ ಕೀಳಿಸಿ ಮತ್ತೆ ಹಾಕಿಸಿದೆ. ಕಪ್ಪು ಪರದೆಯ ಮೇಲೆ ಬಂತು: ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್, ಮುಂದುವರಿಯಲು ಎಫ್1. ಬಯಾಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ನೆನಪು ಅಳಿಸಿದೆ ಅಂತ. ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿ ಯಾವತ್ತೋ ಸತ್ತಿದೆ. ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ ಬಯಾಸ್‌ಗೆ ನೆನಪಿರುತ್ತದೆ, ಕಿತ್ತರೆ ಮರೆಯುತ್ತದೆ. ಇಷ್ಟು ವರ್ಷ ಪಿಸಿಐ ಸ್ಲಾಟು ಖಾಲಿ ಇತ್ತು, 5ಕ್ಕೆ ಯಾರೂ ಬರುತ್ತಿರಲಿಲ್ಲ. ಮರೆತರೂ ನಷ್ಟ ಇರಲಿಲ್ಲ. ನಾನು ಕಾರ್ಡ್ ಹಾಕಿದ ದಿನದಿಂದ ಆ ಮರೆವಿಗೆ ಬೆಲೆ ಬಂತು.

ತೀರ್ಥಹಳ್ಳಿ ಪೇಟೆಯಿಂದ ಬ್ಯಾಟರಿ ತರಿಸಿದೆ. ಅದರ ಮೇಲೆ ಮಾತ್ರ ಭಾರ ಹಾಕುವುದು ಬೇಡ ಅನಿಸಿತು, ಇನ್ನು ಕೆಲವು ವರ್ಷಕ್ಕೆ ಇದೂ ಸಾಯುತ್ತದೆ. ನೆಟ್‌ವರ್ಕ್ ಕಾರ್ಡನ್ನು ಪಕ್ಕದ ಸ್ಲಾಟಿಗೆ ಬದಲಿಸಿದೆ. ಸ್ಲಾಟ್ ಬದಲಾದರೆ ಇಂಟರಪ್ಟಿನ ತಂತಿ ಬದಲಾಗುತ್ತದೆ, ಬಯಾಸ್ ತಾನೇ ಹಂಚುವ ನಂಬರೂ ಬದಲಾಗಬಹುದು. ಬ್ಯಾಟರಿ ಹಾಕದೇ, ಡಿಫಾಲ್ಟ್‌ನಲ್ಲೇ ಮೂರು ಸಲ ಪ್ಲಗ್ ಕಿತ್ತು ಹಾಕಿ ನೋಡಿದೆ. ಮೂರು ಸಲವೂ ನೆಟ್‌ವರ್ಕ್ 11, ಸೀರಿಯಲ್ ಒಂದೇ 5. ಆಮೇಲೆ ಬ್ಯಾಟರಿ ಕೂರಿಸಿ, ಬಯಾಸ್‌ನಲ್ಲಿ ಲೆಗಸಿ ಐಎಸ್ಎ ಮತ್ತೆ ಇಟ್ಟು ಸೇವ್ ಮಾಡಿದೆ. ಮುಚ್ಚಳದ ಒಳಗಡೆ ಒಂದು ಚೀಟಿ ಅಂಟಿಸಿದೆ: ಕಾರ್ಡ್ 2ಎ0, ಐಆರ್‌ಕ್ಯೂ 5, ಕರ್ನಲ್ಲಿನಲ್ಲಿ ಪಿಸಿಐ ಐಎಸ್ಎ ಎರಡೂ ಆನ್, ಪೋರ್ಟ್ 16, ಮೇಲಿನ ಬಿಳಿ ಸ್ಲಾಟಿಗೆ ಏನೂ ಹಾಕಬೇಡಿ. ಕಾನ್ಫಿಗ್ ಫೈಲಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮಾಲೀಕರ ಬೀರುವಿಗೆ ಹೋಯಿತು.

ಸಂಜೆ ಸುಲಿಯುವವರು ಬಂದರು. ಮೊದಲ ಬುಟ್ಟಿ ತಕ್ಕಡಿಗೆ ಹತ್ತಿತು, ಪ್ರಿಂಟರ್ ಕರ್ ಕರ್ ಅಂದಿತು. ನಾನು ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಲೆಕ್ಕದ ಹುಡುಗ ಹಿಂದೆ ಬಂದ.

"ಸರ್, ಇನ್ಮೇಲೆ ಎಫ್1 ಒತ್ತೋದು ಬೇಡ್ವಾ?"

"ಬೇಡ. ಮತ್ತೆ ಯಾವತ್ತಾದ್ರೂ ಕೇಳಿದ್ರೆ, ಒತ್ತೋ ಮುಂಚೆ ನಂಗೆ ಫೋನ್ ಮಾಡು."